ಉಪಗ್ರಹದ ಕಣ್ಣಿಗೆ ಒಂದು ಗುಂಟೆ

ಪ್ರಶ್ನೆ: ನಮ್ಮದು ಎರಡು ಎಕರೆ ಖುಷ್ಕಿ. ಯಾವ ಹೊಲದಲ್ಲಿ ಯಾವ ಬೆಳೆ ಇದೆ ಅಂತ ಉಪಗ್ರಹದಿಂದಲೇ ಗೊತ್ತಾಗುತ್ತದಂತೆ. ಹಾಗಿದ್ದ ಮೇಲೆ ಬೆಳೆ ಸಮೀಕ್ಷೆಗೆ ಅಂತ ಪ್ರತಿ ಹಂಗಾಮಿನಲ್ಲೂ ಹೊಲದಲ್ಲಿ ನಿಂತು ಫೋಟೊ ತೆಗೆಯುವುದು ಯಾಕೆ?

ಗೊತ್ತಾಗುತ್ತದೆ, ಆದರೆ ಎಲ್ಲ ಹೊಲದಲ್ಲೂ ಒಂದೇ ಸಮನಾಗಿ ಅಲ್ಲ. ಗುಂಟೆ ಲೆಕ್ಕದಲ್ಲೇ ನೋಡೋಣ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಎಲ್ಲರಿಗೂ ಉಚಿತ. ಅದರ ಒಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚುಕ್ಕಿ, ನೆಲದ ಮೇಲೆ 10 ಮೀಟರ್ ಚೌಕ, ಅಂದರೆ 33 ಅಡಿಗೆ 33 ಅಡಿಯ ನಮ್ಮ ಒಂದು ಗುಂಟೆಯಷ್ಟೇ. ನಮ್ಮ ದೇಶದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3 ಕ್ಯಾಮೆರಾದ್ದು 23.5 ಮೀಟರ್, ಸುಮಾರು ಐದೂವರೆ ಗುಂಟೆ. ಆ ಚೌಕದೊಳಗೆ ಏನೇನೇ ಇರಲಿ, ಚಿತ್ರಕ್ಕೆ ಬರುವುದು ಎಲ್ಲದರ ಸರಾಸರಿ.

ನಿಮ್ಮ ಎರಡು ಎಕರೆ 90 ಮೀಟರ್ ಚೌಕವಾಗಿದ್ದರೆ 81 ಪಿಕ್ಸೆಲ್ ಆಯಿತು. ಬದುವಿನ ಸಾಲಿನ 32ರಲ್ಲಿ ಪಕ್ಕದ ಹೊಲವೂ ಬೆರೆಯುವುದರಿಂದ ನಂಬಬಹುದಾದವು 49. ಪಾಲಾಗಿ ಬಂದ ಜಮೀನು 30 ಮೀಟರ್ ಅಗಲದ ಉದ್ದ ಪಟ್ಟಿಯಾಗಿದ್ದರೆ, ಅದೇ ಎರಡು ಎಕರೆಯಲ್ಲಿ ಉಳಿಯುವುದು 25 ಮಾತ್ರ. 10 ಮೀಟರ್‌ನ ಕೃಷಿ ಹೊಂಡವಂತೂ ಒಂದೇ ಪಿಕ್ಸೆಲ್‌ನಷ್ಟು. ಅದೂ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳಿಗೆ ಹಂಚಿಹೋಗಿರುತ್ತದೆ. ದೊಡ್ಡ ಪಾಲಿಹೌಸ್, ಕಾಲುವೆ, ಕೆರೆಗಳಿಗೆ ಈ ತೊಂದರೆಯಿಲ್ಲ.

ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಇವೆರಡರ ವ್ಯತ್ಯಾಸದಲ್ಲಿ ಪೈರಿನ ಆರೋಗ್ಯ ತಿಳಿಯುತ್ತದೆ. ಭಾರತದಲ್ಲಿ ದೂರಸಂವೇದನೆ, ಅಂದರೆ ಮೇಲಿನಿಂದ ಚಿತ್ರ ತೆಗೆದು ನೆಲವನ್ನು ಅರಿಯುವ ಕೆಲಸ, ಶುರುವಾದದ್ದೇ ಹೀಗೆ: 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಷಾರಟಿಯವರ ತಂಡ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಹಾರಿ, ಅವಕೆಂಪು ಫಿಲ್ಮಿನಲ್ಲಿ ಬೇರುರೋಗದ ಮರಗಳನ್ನು ಪತ್ತೆ ಮಾಡಿತು.

ಆದರೆ ಹಸಿರು ಅಂದಮಾತ್ರಕ್ಕೆ ಬೆಳೆಯ ಹೆಸರು ಸಿಗದು. ಅದಕ್ಕೆ ಹಂಗಾಮಿನ ಉದ್ದಕ್ಕೂ ಚಿತ್ರಗಳು ಬೇಕು. ಕಲಬುರಗಿಯಲ್ಲಿ ಹೆಸರು, ಉದ್ದು ಗಣೇಶನ ಹಬ್ಬದ ಆಸುಪಾಸಿನಲ್ಲಿ ಕೊಯ್ಲಾಗಿ ಎರೆನೆಲ ಮತ್ತೆ ಕಾಣುತ್ತದೆ. ತೊಗರಿ ದಸರಾ ಕಳೆದರೂ ಹಸಿರಾಗಿಯೇ ನಿಂತಿರುತ್ತದೆ. ಮುಂಗಾರಿನ ಮೋಡ ಕವಿದಾಗ, ಮೋಡವನ್ನೂ ತೂರುವ ರೇಡಿಯೊ ಅಲೆಗಳನ್ನು ಬಿಟ್ಟು ನೋಡುವ ರೇಡಾರ್ ಉಪಗ್ರಹಗಳೇ ಗತಿ. 2022ರಲ್ಲಿ ಇಸ್ರೊ ಹಾರಿಸಿದ ಇಒಎಸ್-04, 2025ರ ಜುಲೈನಲ್ಲಿ ನಾಸಾ ಜೊತೆ ಸೇರಿ ಹಾರಿಸಿದ ನಿಸಾರ್ ಇಂಥವು. ಗಂಗಾವತಿ ಕಡೆ ನಾಟಿಗೆ ನೀರು ಕಟ್ಟಿದ ಗದ್ದೆ ರೇಡಾರ್ ಚಿತ್ರದಲ್ಲಿ ಕಪ್ಪಗಿರುತ್ತದೆ, ಯಾಕೆಂದರೆ ನಿಂತ ನೀರು ಅಲೆಗಳನ್ನು ಕನ್ನಡಿಯ ಹಾಗೆ ಆಚೆಗೆ ಜಾರಿಸಿಬಿಡುತ್ತದೆ. ಪೈರು ಏರಿದಂತೆ ಗದ್ದೆ ಬೆಳಗುತ್ತಾ ಬರುತ್ತದೆ. ಭತ್ತದಷ್ಟು ಸಲೀಸಾಗಿ ಗುರುತು ಸಿಗುವ ಬೆಳೆ ಕಡಿಮೆ.

ಕಷ್ಟ ಇರುವುದು ರಾಗಿ ಹೊಲದಲ್ಲಿ. ಅಕ್ಕಡಿ ಸಾಲಿನ ಅವರೆ, ತೊಗರಿ, ಹುಚ್ಚೆಳ್ಳು ಎಲ್ಲವೂ ಆ ಒಂದು ಗುಂಟೆಯ ಸರಾಸರಿಯಲ್ಲಿ ಕರಗಿ, ನಕ್ಷೆಯಲ್ಲಿ ಬರೀ ರಾಗಿ ಅಂತ ಬೀಳುತ್ತದೆ. ಅಡಿಕೆ ತೋಟದ ಮೆಣಸು, ಏಲಕ್ಕಿಯದೂ ಅದೇ ಪಾಡು. ವರ್ಷವಿಡೀ ಮನೆಯ ಸಾರಿಗೆ ಬೇಳೆ ಕೊಡುವ ಸಾಲುಗಳು ಲೆಕ್ಕಕ್ಕೇ ಬಾರದೆ ಹೋಗುವುದು ನನಗೆ ತುಂಬಾ ಬೇಸರದ ಸಂಗತಿ.

ಈಗ ನಿಮ್ಮ ಫೋಟೊದ ಮಾತು. ಹಸಿರಿನ ಇಂಥ ಏರಿಳಿತದ ಹೊಲ ಸಜ್ಜೆಯದು, ಇಂಥದ್ದು ಜೋಳದ್ದು ಎಂದು ಕಂಪ್ಯೂಟರಿಗೆ ಕಲಿಸಲು, ಯಾರಾದರೂ ಅಲ್ಲಿ ನಿಂತು ಕಂಡ ಬೆಳೆಯ ದಾಖಲೆ ಜಾಗದ ಗುರುತಿನ ಸಮೇತ ಬೇಕು. ಮಳೆ ಹದಿನೈದು ದಿನ ತಡವಾದರೆ ಬಿತ್ತನೆಯೂ ತಡ, ಆಗ ಹೋದ ವರ್ಷದ ಪಾಠ ಕೆಲಸಕ್ಕೆ ಬಾರದು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ತಾಲ್ಲೂಕಿನ ಒಟ್ಟು ವಿಸ್ತೀರ್ಣ ಲೆಕ್ಕ ಹಾಕುವಾಗ ಅಲ್ಲೊಂದು ಇಲ್ಲೊಂದು ತಪ್ಪು ಹೊಂದಿಕೊಂಡು ಹೋಗಬಹುದು. ಬೆಳೆ ವಿಮೆ, ನಷ್ಟ ಪರಿಹಾರ, ಬೆಂಬಲ ಬೆಲೆಯ ಖರೀದಿಗೆ ನೋಡುವುದು ನಿಮ್ಮ ಸರ್ವೆ ನಂಬರಿನ ಬೆಳೆಯನ್ನು. ಅಲ್ಲಿ ತಪ್ಪಾದರೆ ಪೂರ್ತಿ ಪೆಟ್ಟು ನಿಮ್ಮ ಮನೆಗೇ. ಹಿಸ್ಸೆಯ ಗಡಿ ಆಕಾಶದಿಂದ ಕಾಣುವುದೂ ಇಲ್ಲ.

ಹಾಗಾಗಿ ಸಮೀಕ್ಷೆಗೆ ಬಂದವರನ್ನು ರಸ್ತೆ ಬದಿಯಲ್ಲಿ ನಿಂತು ಕ್ಲಿಕ್ಕಿಸಲು ಬಿಡಬೇಡಿ, ಹೊಲದ ನಡುವಿಗೆ ಕರೆದುಕೊಂಡು ಹೋಗಿ. ರಾಗಿಯ ಜೊತೆಗೆ ಅಕ್ಕಡಿ ಸಾಲಿನ ಅವರೆ, ತೊಗರಿಯನ್ನೂ ಹೇಳಿ ಬರೆಸಿ.