ಸ್ಟಿಕರ್ ಮೊದಲೋ, ಬೆವರು ಮೊದಲೋ?

1996ರ ವಿಶ್ವಕಪ್‌ನಲ್ಲಿ ಸಚಿನ್ ತೆಂಡೂಲ್ಕರ್ ಹಿಡಿದಿದ್ದ ಬ್ಯಾಟ್ ನೆನಪಿದೆಯಾ? ಅದರ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಆ ಬೋಳು ಬ್ಯಾಟಿನಿಂದಲೇ 523 ರನ್ ಬಂತು, ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ. ದುಡ್ಡು ಕೊಟ್ಟು ಹೆಸರು ಅಂಟಿಸುವ ಎಂಆರ್‌ಎಫ್ ಕಂಪನಿಯ ಸ್ಟಿಕರ್ ಬಂದದ್ದು ಆಮೇಲೆ. ಅಲ್ಲಿಂದ ಗಲ್ಲಿ ಹುಡುಗರು ತಮ್ಮ ಹಲಗೆ ಬ್ಯಾಟಿನ ಮೇಲೂ ಆ ಮೂರಕ್ಷರ ಬರೆದುಕೊಳ್ಳತೊಡಗಿದರು.

ತಮಾಷೆ ಅಂದರೆ, ಇದೇ ಟೈರ್ ಕಂಪನಿ 1987ರಲ್ಲೇ ಮದ್ರಾಸಿನಲ್ಲಿ ವೇಗದ ಬೌಲರ್‌ಗಳಿಗಾಗಿ ತರಬೇತಿ ಕೇಂದ್ರ ತೆರೆದಿತ್ತು. ಹೇಳಿಕೊಡಲು ಆಸ್ಟ್ರೇಲಿಯಾದ ಹೆಸರಾಂತ ವೇಗದ ಬೌಲರ್ ಡೆನಿಸ್ ಲಿಲ್ಲಿ ಬರುತ್ತಿದ್ದರು. ಹುಡುಗ ಸಚಿನ್ ಕೂಡ ಬೌಲರ್ ಆಗುತ್ತೇನೆ ಅಂತ ಹೋಗಿದ್ದ. ಬ್ಯಾಟಿಂಗ್ ನೋಡಿಕೋ ಅಂತ ಲಿಲ್ಲಿ ಹೇಳಿ ಕಳಿಸಿದರು! ನಮ್ಮ ಜಾವಗಲ್ ಶ್ರೀನಾಥ್ ಪಳಗಿದ್ದೂ ಅಲ್ಲೇ. ಆ ಕೇಂದ್ರಕ್ಕೆ ಹಾಕಿದ ದುಡ್ಡು ಆಟಗಾರ ಹೆಸರಾಗುವ ಮೊದಲು ಬಂದದ್ದು, ಸ್ಟಿಕರ್ ದುಡ್ಡು ಹೆಸರಾದ ಮೇಲೆ ಬಂದದ್ದು. ಜನರ ಕಣ್ಣಿಗೆ ಬಿದ್ದದ್ದು ಮಾತ್ರ ಎರಡನೆಯದು.

ಕಷ್ಟಪಟ್ಟರೆ ಸಾಕು, ಕಿಟ್ ತಾನಾಗಿ ಬರುತ್ತದೆ ಅನ್ನುವವರು ಸುನಿಲ್ ಜೋಶಿಯನ್ನು ನೆನೆಯುತ್ತಾರೆ. ಗದಗದ ಈ ಹುಡುಗ ದಿನಾ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಬರುತ್ತಿದ್ದ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗೆ ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತ. ಮಾತು ಸುಳ್ಳಲ್ಲ. ಆದರೆ ಜೋಶಿ ಬೌಲರ್ ಅನ್ನುವುದನ್ನು ಮರೆಯಬಾರದು.

ಇಲ್ಲೇ ಇರುವುದು ವಿಷಯ. ಬೌಲರ್‌ಗೆ ಮುಖ್ಯವಾಗಿ ಬೇಕಿರುವುದು ಒಳ್ಳೆ ಶೂ. ಬ್ಯಾಟ್ಸ್‌ಮನ್‌ಗೆ ಬ್ಯಾಟ್, ಪ್ಯಾಡ್, ಗ್ಲೌಸ್, 1970ರ ದಶಕದ ಕೊನೆಯಿಂದೀಚೆಗೆ ಹೆಲ್ಮೆಟ್ ಬೇರೆ. ಒಳ್ಳೆಯ ಬ್ಯಾಟಿಗೆ ಮರವೇ ಇಂಗ್ಲೆಂಡಿನಿಂದ ಬರಬೇಕು, ಆಮೇಲೆ ಮೀರತ್‌ನಲ್ಲೋ ಜಲಂಧರ್‌ನಲ್ಲೋ ಕೆತ್ತಬೇಕು. ಬೆಳೆಯುವ ಹುಡುಗನಿಗೆ ಎರಡು ವರ್ಷಕ್ಕೆ ಪ್ಯಾಡ್ ಚಿಕ್ಕದಾಗುತ್ತದೆ. ಟೈಲ್ಸ್ ಕಾರ್ಖಾನೆಯಲ್ಲಿ ಕೂಲಿ ಮಾಡಿದ ಮುನಾಫ್ ಪಟೇಲ್, ಗಣಿ ಕಾರ್ಮಿಕರ ಮಗ ಉಮೇಶ್ ಯಾದವ್, ಆಟೋ ಚಾಲಕರ ಮಗ ಮೊಹಮ್ಮದ್ ಸಿರಾಜ್, ಮೂವರೂ ವೇಗದ ಬೌಲರ್‌ಗಳೇ. ಇದು ಸುಮ್ನೆ ಕಾಕತಾಳೀಯ ಅಂತ ನನಗನಿಸುವುದಿಲ್ಲ. ಮುಂಬೈನ ಆಜಾದ್ ಮೈದಾನದ ಟೆಂಟಿನಲ್ಲಿ ಮಲಗಿ ಬೆಳೆದ ಯಶಸ್ವಿ ಜೈಸ್ವಾಲ್ ಬ್ಯಾಟ್ಸ್‌ಮನ್, ನಿಜ. ಅಂಥವರು ಎಷ್ಟು ಜನ ಸಿಗುತ್ತಾರೆ?

ಹಾಗಂತ ನೆರವು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 2016ರಲ್ಲಿ ಮುಂಬೈ ಬಳಿಯ ಕಲ್ಯಾಣದ ಪ್ರಣವ್ ಧನವಾಡೆ ಶಾಲಾ ಪಂದ್ಯದಲ್ಲಿ ಅಜೇಯ 1009 ರನ್ ಹೊಡೆದ. ಸಚಿನ್ ಬ್ಯಾಟ್ ಕೊಟ್ಟರು. ಮುಂಬೈ ಕ್ರಿಕೆಟ್ ಸಂಸ್ಥೆ ತಿಂಗಳಿಗೆ 10,000 ರೂಪಾಯಿ ಕೊಡಲು ಶುರುಮಾಡಿತು. ಮರುವರ್ಷ ಆಟ ಕೈಕೊಟ್ಟಿತು. ಈ ಹಣ ಇನ್ನು ಬೇಡ ಅಂತ ಆಟೋ ಓಡಿಸುವ ಅಪ್ಪನೇ ಹೇಳಿಬಿಟ್ಟರು. ಒಂದು ಇನಿಂಗ್ಸ್ ನೋಡಿ ಬಂದ ನೆರವು ಆ ಹುಡುಗನ ಮೇಲೆ ಎಷ್ಟು ಭಾರ ಹೇರಿರಬೇಡ?

ಧೋನಿಗೆ ಸಿಕ್ಕ ನೆರವು ಬೇರೆ ಥರದ್ದು. ರಾಂಚಿಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ಗೆಳೆಯರೊಬ್ಬರು ಅವರ ಆಟವನ್ನು ಹತ್ತಿರದಿಂದ ನೋಡಿದ್ದರು. ಜಲಂಧರ್‌ನಲ್ಲಿ ಬ್ಯಾಟ್ ಮಾಡುವ ಬಾಸ್ ಕಂಪನಿಯವರನ್ನು ಬಿಡದೆ ಕೇಳಿ ಕಿಟ್ ಕೊಡಿಸಿದರು. ಧೋನಿ ಆಗಿನ್ನೂ ಭಾರತಕ್ಕೆ ಆಡಿರಲಿಲ್ಲ. 2019ರ ವಿಶ್ವಕಪ್‌ನಲ್ಲಿ ಅವರ ಬ್ಯಾಟಿನ ಮೇಲೆ ಬಾಸ್ ಸ್ಟಿಕರ್ ಮತ್ತೆ ಕಾಣಿಸಿತು. ಅದಕ್ಕೆ ಅವರು ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.