ಆರ್ಕ್ಟಿಕ್ ಮಂಕೀಸ್: ಪ್ರತಿ ಆಲ್ಬಮ್‌ಗೂ ಅದೇ ತಕರಾರು

2022ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಆರ್ಕ್ಟಿಕ್ ಮಂಕೀಸ್ ತಂಡದ ಏಳನೇ ಆಲ್ಬಮ್ ‘ದ ಕಾರ್’ ಹೊರಬಂದಾಗ ಅಭಿಮಾನಿಗಳಲ್ಲಿ ಎರಡು ಪಾಳಯಗಳಾದವು. ಪಿಟೀಲುಗಳ ಮೇಳದೊಂದಿಗೆ ಮೆಲ್ಲಗೆ ಸಾಗುವ ಹಾಡುಗಳಿಗೆ ವಿಮರ್ಶಕರಲ್ಲಿ ಹೆಚ್ಚಿನವರು ತಲೆದೂಗಿದರು. ಗಿಟಾರಿನ ಅಬ್ಬರಕ್ಕಾಗಿ ಕಾದು ಕುಳಿತವರು ಮುಖ ಸಿಂಡರಿಸಿದರು. ಈ ಮುನಿಸಿನ ಬೇರು ಬಹಳ ಹಿಂದಿನದು.

1977ರಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ ಸಾಲ ಎತ್ತಿ ತನ್ನದೇ ರೆಕಾರ್ಡ್ ಹೊರತಂದ ದಿನಗಳಿಂದಲೂ, ದೊಡ್ಡ ಕಂಪನಿಗಳ ಹಂಗಿಲ್ಲದೆ ಕೇಳುಗರಿಗೆ ಹತ್ತಿರವಿರುವುದೇ ಬ್ರಿಟನ್ನಿನ ಇಂಡಿ, ಅಂದರೆ ಸ್ವತಂತ್ರ, ಸಂಗೀತದ ಹೆಮ್ಮೆ. 2002ರಲ್ಲಿ ಆರ್ಕ್ಟಿಕ್ ಮಂಕೀಸ್ ಹೆಸರಲ್ಲಿ ಕೂಡಿದ ಷೆಫೀಲ್ಡ್ ನಗರದ ಹುಡುಗರು ಕಾರ್ಯಕ್ರಮಗಳಿಗೆ ಬಂದವರಿಗೆ ಸಿಡಿಗಳನ್ನು ಪುಕ್ಕಟೆ ಹಂಚಿದರು. ಪಡೆದವರು ಅವನ್ನು ಅಂತರ್ಜಾಲಕ್ಕೆ ಏರಿಸಿದರು. ಕ್ಲಬ್ಬಿನ ಬಾಗಿಲಲ್ಲಿ ತಡೆದು ನಿಲ್ಲಿಸುವ ಕಾವಲುಗಾರ, ತಡರಾತ್ರಿಯ ಟ್ಯಾಕ್ಸಿಯೊಳಗಿನ ರಗಳೆ — ಹಾಡುಗಳಲ್ಲಿದ್ದುದು ಕೇಳುಗರದೇ ಶನಿವಾರ ರಾತ್ರಿ. 2006ರ ಜನವರಿಯಲ್ಲಿ ಬಂದ ಮೊದಲ ಆಲ್ಬಮ್ ಒಂದೇ ವಾರದಲ್ಲಿ 3.6 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಗಿ ಬ್ರಿಟನ್ನಿನಲ್ಲಿ ದಾಖಲೆ ಬರೆಯಿತು. ಇದು ನಾವು ಬೆಳೆಸಿದ ತಂಡ ಎಂದು ಆ ತಲೆಮಾರು ನಂಬಿದ್ದು ಪೂರ್ತಿ ಭ್ರಮೆಯೇನಲ್ಲ.

ಮುಂದೆ ತಂಡ ಕ್ಯಾಲಿಫೋರ್ನಿಯಾದ ಮರುಭೂಮಿಗೆ ಹೋಗಿ ಧ್ವನಿಮುದ್ರಿಸಿದ, ಕತ್ತಲು ಕವಿದಂಥ ‘ಹಂಬಗ್’ ಆಲ್ಬಮ್ 2009ರಲ್ಲಿ ಹೊರಬಂತು. ಗೊಣಗಾಟ ಶುರುವಾಯಿತು. 2013ರ ‘ಎಎಮ್’ ಆಲ್ಬಮ್ ಅದನ್ನು ಮರೆಸಿ, ಷೆಫೀಲ್ಡ್ ಎಲ್ಲಿದೆಯೆಂದೂ ಗೊತ್ತಿಲ್ಲದ ಲಕ್ಷಾಂತರ ಹೊಸಬರನ್ನು ತಂದುಕೊಟ್ಟಿತು. ಗೊಂದಲದ ಗಂಟು ಬಿದ್ದಿದ್ದು ಇಲ್ಲೇ. ‘ಹಳೆಯ ಮಂಕೀಸ್ ಬೇಕು’ ಎನ್ನುವವರಲ್ಲಿ ಕೆಲವರ ಮನಸ್ಸಿನಲ್ಲಿರುವುದು 2006, ಉಳಿದವರದು 2013. ಇಬ್ಬರೂ ಬಯಸುತ್ತಿರುವುದು ಒಂದೇ ತಂಡವನ್ನಲ್ಲ.

ಆಮೇಲೆ ಬಂತು ಪಿಯಾನೊ. ಗಾಯಕ ಅಲೆಕ್ಸ್ ಟರ್ನರ್‌ಗೆ ಮೂವತ್ತು ತುಂಬಿದಾಗ ತಂಡದ ಮ್ಯಾನೇಜರ್ ಸ್ಟೈನ್‌ವೇ ಪಿಯಾನೊ ಒಂದನ್ನು ಉಡುಗೊರೆ ಕೊಟ್ಟರು. ಗಿಟಾರ್ ಹಿಡಿದರೆ ಹೊಸದೇನೂ ಹೊಳೆಯದಿದ್ದಾಗ ಅವರು ಅದರ ಮುಂದೆ ಕುಳಿತರು. ಲಾಸ್ ಏಂಜಲೀಸ್‌ನ ಮನೆಯಲ್ಲೇ ಎಂಟು ಟ್ರ್ಯಾಕಿನ ಟೇಪಿನಲ್ಲಿ ಮುದ್ರಿಸಿಕೊಳ್ಳುತ್ತ ಹೋದರು. ಹುಟ್ಟಿದ್ದು ಚಂದ್ರನ ಮೇಲಿನ ಹೋಟೆಲೊಂದರ ಕಲ್ಪನೆ. ಅಪೋಲೊ 11 ಇಳಿದ ಜಾಗದ ಹೆಸರೇ ಅದಕ್ಕೆ. 2018ರ ಮೇ 11ರಂದು ‘ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಆ್ಯಂಡ್ ಕ್ಯಾಸಿನೊ’ ಬಿಡುಗಡೆಯಾಯಿತು. ರೇಡಿಯೊ ಹಾಡೊಂದನ್ನು ಮುಂಚಿತವಾಗಿ ಬಿಟ್ಟು ಕಿವಿ ಹದಗೊಳಿಸುವ ವಾಡಿಕೆಯನ್ನು ಕೈಬಿಟ್ಟು, ಇಡೀ ಆಲ್ಬಮ್ಮನ್ನು ಒಮ್ಮೆಗೇ ಕೊಟ್ಟರು. 2000ದಲ್ಲಿ ರೇಡಿಯೋಹೆಡ್ ತಂಡ ‘ಕಿಡ್ ಎ’ಗೆ ಮಾಡಿದ್ದೂ ಇದನ್ನೇ, ಆಗಲೂ ಹೀಗೇ ಗಲಾಟೆಯಾಗಿತ್ತು. ಆದರೆ ಸ್ಟ್ರೀಮಿಂಗ್ ಕಾಲದಲ್ಲಿ ಮಧ್ಯರಾತ್ರಿ ಬಂದ ಆಲ್ಬಮ್‌ಗೆ ಬೆಳಗಾಗುವಷ್ಟರಲ್ಲಿ ತೀರ್ಪು ಸಿದ್ಧ. ಎರಡು ಸಲ ಕೇಳದೆ ತಳ್ಳಿಹಾಕಿದವರಷ್ಟೇ ಅವಸರ, ‘ನಿಮಗೆ ಅರ್ಥವಾಗಲಿಲ್ಲ’ ಎಂದು ಬೀಗಿದವರದೂ. ತಮಾಷೆಯೆಂದರೆ, ಆ ಆಲ್ಬಮ್ಮಿನಲ್ಲೇ ಚಂದ್ರನ ಮೇಲಿನ ತಿಂಡಿ ಅಂಗಡಿಯೊಂದಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುವ ಹಾಡೂ ಇದೆ. ಗೊಣಗಾಟದ ನಡುವೆಯೂ ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ವಿನೈಲ್ ರೆಕಾರ್ಡ್‌ಗಳೇ ಮೊದಲ ವಾರ 24 ಸಾವಿರ ಮೀರಿ ಮಾರಾಟವಾದವು. ಬೈದವರೂ ಕೊಂಡಿರಬೇಕು.

‘ದ ಕಾರ್’ ಅದೇ ದಾರಿಯ ಮುಂದಿನ ಹೆಜ್ಜೆ. ಟೇಲರ್ ಸ್ವಿಫ್ಟ್ ಆಲ್ಬಮ್ ಕೂಡ ಅಂದೇ ಬಂದಿದ್ದರಿಂದ ಅದು ಎರಡನೇ ಸ್ಥಾನದಲ್ಲಿ ನಿಂತಿತು. ಹಿಂದಿನ ಆರೂ ಮೊದಲ ಸ್ಥಾನ ಕಂಡಿದ್ದವು. 2023ರ ಜೂನ್‌ನಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ತಂಡ ‘ದ ಕಾರ್’ನ ಹಾಡಿನಿಂದ ಆರಂಭಿಸಿ ‘ಎಎಮ್’ನ ಗಿಟಾರ್ ಹಾಡಿನಿಂದ ಮುಗಿಸಿತು. ಎರಡೂ ಪಾಳಯಗಳಿಗೆ ಪಾಲು ಸಿಕ್ಕಿತೆನ್ನುವಷ್ಟರಲ್ಲಿ, ಹಳೆಯ ಹಾಡುಗಳನ್ನು ಎಳೆದೆಳೆದು ಹಾಡಿದರೆಂಬ ಹೊಸ ದೂರು ಹುಟ್ಟಿಕೊಂಡಿತು.