ಬೆಟ್ಟ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಬೇಡಿ, ಅದರಿಂದ ಪೆಟ್ರೋಲ್ ಉಳಿಯಲ್ಲ

ಭಾನುವಾರ ಮಧ್ಯಾಹ್ನ ಹನ್ನೆರಡು ದಾಟಿತು ಅಂದ್ರೆ ನಮ್ಮ ಗ್ಯಾರೇಜಿಗೆ ಒಂದು ವಾಸನೆ ಬರುತ್ತದೆ. ಸೀದ ವಾಸನೆ, ಮೂಗಿಗೆ ಚುರುಕ್ ಅನ್ನುತ್ತದೆ. ಗಾಡಿ ಗೇಟಿನೊಳಗೆ ಬರುವ ಮೊದಲೇ ನಮ್ಮ ಹುಡುಗರು ಹೇಳಿಬಿಡುತ್ತಾರೆ, 'ಅಣ್ಣಾ, ಬೆಟ್ಟದಿಂದ ಬಂತು.' ಮೈಸೂರಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹತ್ತಿರ, ನಂಜನಗೂಡು ರಸ್ತೆ ಕಡೆ ನಮ್ಮ ಕೆಲಸ. ಇಪ್ಪತ್ತಾರು ವರ್ಷದಿಂದ ಈ ವಾಸನೆ ಗೊತ್ತು. ಬ್ರೇಕ್ ಪ್ಯಾಡ್ ಕಾದು ಸೀದಾಗ ಬರುವ ವಾಸನೆ.

ನಾನು ಕೇಳುವ ಮೊದಲ ಪ್ರಶ್ನೆ ಒಂದೇ. 'ನ್ಯೂಟ್ರಲ್‌ನಲ್ಲಿ ಇಳಿಸಿದ್ರಾ?'

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಪೆಟ್ರೋಲ್ ರೇಟು ನೋಡಿ ಸಾರ್, ಏನು ಮಾಡೋದು' ಅನ್ನುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ ಎಂಜಿನ್ನನ್ನೇ ಆಫ್ ಮಾಡಿ ಇಳಿಸಿರುತ್ತಾರೆ. ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ, ತೊಡೆ ಮೇಲೆ ಪ್ರಸಾದದ ಚೀಲ, ಪಕ್ಕದಲ್ಲಿ ಮಗು. ನೋಡಿದರೆ ನನಗೆ ಮೈ ಉರಿಯುತ್ತದೆ. ಹೊಟ್ಟೆಯೂ ಉರಿಯುತ್ತದೆ.

ಅವರ ಕಷ್ಟ ನನಗೆ ಅರ್ಥ ಆಗದೆ ಇಲ್ಲ. ನಮ್ಮ ಕಡೆ ಪೆಟ್ರೋಲ್ ನೂರು ರೂಪಾಯಿ ಮುಟ್ಟಿದ್ದು 2021ರ ಜೂನ್ ಹೊತ್ತಿಗೆ. ಆಮೇಲೆ ಕೇಂದ್ರ ಎರಡು ಸಲ ಸುಂಕ ಇಳಿಸಿತು. ಆದರೂ ರೇಟು ನೂರರ ಆಸುಪಾಸಿನಿಂದ ಕೆಳಗೆ ಹೋಗಲಿಲ್ಲ. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿ ಆಯಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್‌ಗೆ ಮತ್ತೆ 2 ರೂಪಾಯಿ. ಜೊತೆಗೆ ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಕಬ್ಬಿನಿಂದಲೂ ಬರುವ ಎಥೆನಾಲ್ ಅದು, ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಬಿದ್ದಿದೆ ಅಂದ್ರೆ ಅದು ನಿಮ್ಮ ಭ್ರಮೆಯಲ್ಲ. ಎಷ್ಟು ಬೀಳುತ್ತದೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ.

ಟ್ಯಾಕ್ಸಿ ಓಡಿಸುವವರು, ಆಟೋದವರು, ಬೆಳಿಗ್ಗೆ ಮಂಡ್ಯದಿಂದ ಬಂದು ರಾತ್ರಿ ವಾಪಸ್ ಹೋಗುವ ಕೆಲಸದವರು ಹನಿ ಹನಿ ಲೆಕ್ಕ ಹಾಕುತ್ತಾರೆ. ಹಾಕಲೇಬೇಕು. ಆದರೆ ನ್ಯೂಟ್ರಲ್ ವಿಷಯದಲ್ಲಿ ಆ ಲೆಕ್ಕವೇ ತಪ್ಪು. ಇದನ್ನು ನಾನು ಸಾವಿರ ಸಲ ಹೇಳಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ.

ಗಾಡಿ ಎರಡನೇ ಗೇರ್‌ನಲ್ಲಿ ಇಳಿಯುತ್ತಿದೆ ಅಂದುಕೊಳ್ಳಿ. ಆಕ್ಸಿಲರೇಟರ್ ಮೇಲಿಂದ ಕಾಲು ಪೂರ್ತಿ ತೆಗೆದಿದ್ದೀರಿ. ಈಗ ಎಂಜಿನ್ ತಿರುಗುತ್ತಿರುವುದು ಪೆಟ್ರೋಲಿನಿಂದ ಅಲ್ಲ. ಇಳಿಜಾರು ಚಕ್ರವನ್ನು ತಿರುಗಿಸುತ್ತಿದೆ, ಚಕ್ರ ಎಂಜಿನ್ನನ್ನು ತಿರುಗಿಸುತ್ತಿದೆ. ಗಾಡಿಯ ಕಂಪ್ಯೂಟರ್ ಇದನ್ನು ನೋಡುತ್ತದೆ. ಕಾಲು ತೆಗೆದಿದ್ದಾರೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿದೆ, ಹಾಗಾದರೆ ಇದಕ್ಕೆ ಪೆಟ್ರೋಲ್ ಯಾಕೆ? ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಬಂದ್ ಮಾಡುತ್ತದೆ. ಪೂರ್ತಿ ಬಂದ್. ಆರ್‌ಪಿಎಂ, ಅಂದ್ರೆ ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ, ಸಾವಿರದ ಚಿಲ್ಲರೆಗೆ ಇಳಿಯುವ ತನಕ, ಇಲ್ಲವೇ ನೀವು ಮತ್ತೆ ಕಾಲಿಡುವ ತನಕ, ಒಂದು ತೊಟ್ಟೂ ಒಳಗೆ ಹೋಗುವುದಿಲ್ಲ.

ಈಗ ನ್ಯೂಟ್ರಲ್‌ಗೆ ಹಾಕಿ. ಚಕ್ರಕ್ಕೂ ಎಂಜಿನ್ನಿಗೂ ಇದ್ದ ಸಂಬಂಧ ತಪ್ಪಿತು. ಎಂಜಿನ್ ಆರಿಹೋಗದಂತೆ ಈಗ ಯಾರು ನೋಡಿಕೊಳ್ಳಬೇಕು? ಪೆಟ್ರೋಲೇ ನೋಡಿಕೊಳ್ಳಬೇಕು. ಇಂಜೆಕ್ಟರ್ ಮತ್ತೆ ತೆರೆದುಕೊಳ್ಳುತ್ತದೆ. ಸಣ್ಣ ಪೆಟ್ರೋಲ್ ಕಾರು ಸುಮ್ನೆ ನಿಂತು ಓಡುತ್ತಿದ್ದರೆ ಗಂಟೆಗೆ ಸುಮಾರು ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ. ಬೆಟ್ಟ ಇಳಿಯಲು ಹನ್ನೆರಡು ನಿಮಿಷ ಹಿಡಿದರೆ 100ರಿಂದ 150 ಮಿಲಿಲೀಟರ್. ಹತ್ತು ಹದಿನೈದು ರೂಪಾಯಿ. ಉಳಿಸಬೇಕು ಅಂತ ನ್ಯೂಟ್ರಲ್‌ಗೆ ಹಾಕಿದವರು ಈ ದುಡ್ಡನ್ನು ಖರ್ಚು ಮಾಡಿಕೊಂಡು ಇಳಿಯುತ್ತಾರೆ. ಗೇರ್‌ನಲ್ಲಿ ಇಳಿದವರು ಹೆಚ್ಚುಕಡಿಮೆ ಪುಕ್ಕಟೆ ಇಳಿಯುತ್ತಾರೆ.

ನಂಬಿಕೆ ಬರದಿದ್ದರೆ ಡ್ಯಾಶ್‌ಬೋರ್ಡ್ ನೋಡಿ. ಈಗಿನ ಎಷ್ಟೋ ಕಾರುಗಳಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿ ಇರುತ್ತದೆ. ಗೇರ್‌ನಲ್ಲಿ ಕಾಲು ತೆಗೆದು ಇಳಿಯುವಾಗ ಅದು ಕೊನೆ ಮುಟ್ಟಿ ನಿಲ್ಲುತ್ತದೆ. ಓಡಿಸುವವರು ರಸ್ತೆ ನೋಡಲಿ, ಇದನ್ನು ಪಕ್ಕದಲ್ಲಿ ಕೂತವರು ನೋಡಲಿ.

ಹೋದ ವರ್ಷ ಒಬ್ಬ ಟ್ಯಾಕ್ಸಿ ಹುಡುಗ ಬಂದಿದ್ದ. ಒಂಬತ್ತು ತಿಂಗಳಲ್ಲಿ ಎರಡನೇ ಸಲ ಮುಂದಿನ ಬ್ರೇಕ್ ಪ್ಯಾಡ್ ಮುಗಿದಿತ್ತು. ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕ್ ಕಾದು ನೀಲಿ ತಿರುಗಿತ್ತು. ಒಳ್ಳೆ ಹುಡುಗ. ಸಾಲದ ಕಂತು, ತಂಗಿಯ ಓದು, ಎಲ್ಲ ಅವನ ತಲೆ ಮೇಲೆ. ದಿನಕ್ಕೆ ಎರಡು ಸಲ ಪ್ರವಾಸಿಗಳನ್ನು ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ಚಿಕ್ಕ ನೋಟ್‌ಬುಕ್ಕಿನಲ್ಲಿ ಪೆಟ್ರೋಲ್ ಹಾಕಿಸಿದ ತಾರೀಖು, ಕಿಲೋಮೀಟರ್ ಎಲ್ಲ ಬರೆದಿಟ್ಟಿದ್ದ. ಅಷ್ಟು ಶಿಸ್ತು ನಾನು ದೊಡ್ಡ ದೊಡ್ಡ ಕಾರಿನವರಲ್ಲೂ ಕಂಡಿಲ್ಲ. ಆದರೆ ಪ್ಯಾಡಿನ ಬಿಲ್ಲು ಆ ಪುಸ್ತಕದಲ್ಲಿ ಇರಲಿಲ್ಲ. ಅದು 'ರಿಪೇರಿ' ಅಂತ ಬೇರೆ ಪುಸ್ತಕ.

ಬಾಯಲ್ಲಿ ಹೇಳಿದರೆ ನಂಬಲಿಲ್ಲ. 'ಎಲ್ಲ ಸೀನಿಯರ್ ಡ್ರೈವರ್‌ಗಳೂ ಹಾಗೇ ಇಳಿಸ್ತಾರೆ ಅಣ್ಣ' ಅಂದ. ಹೊಸ ಪ್ಯಾಡ್ ಹಾಕಿ, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಸಿಕ್ಕಿಸಿ, ಅವನನ್ನೇ ಕೂರಿಸಿಕೊಂಡು ಬೆಟ್ಟ ಹತ್ತಿದೆ. ಇಳಿಯುವಾಗ ಸ್ಕ್ಯಾನರ್ ಅವನ ಕೈಗೆ ಕೊಟ್ಟೆ. ಇಂಜೆಕ್ಟರ್ ಎಷ್ಟು ಹೊತ್ತು ತೆರೆಯುತ್ತಿದೆ ಅಂತ ತೋರಿಸುವ ಸಾಲು ಅದರಲ್ಲಿದೆ. ಎರಡನೇ ಗೇರ್, ಕಾಲು ತೆಗೆದೆ. ಸೊನ್ನೆ. ನೇರ ರಸ್ತೆ ಸಿಕ್ಕಾಗ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿ, ಎರಡೇ ಸೆಕೆಂಡ್ ಕ್ಲಚ್ ಒತ್ತಿದೆ. ಅಂಕಿ ಎದ್ದು ಕೂತಿತು. ಮತ್ತೆ ಕ್ಲಚ್ ಬಿಟ್ಟೆ. ಸೊನ್ನೆ. ಕೆಳಗೆ ಬರುವ ತನಕ ಹುಡುಗ ತಲೆ ಎತ್ತಲಿಲ್ಲ.

ಈ ಅಭ್ಯಾಸ ಎಲ್ಲಿಂದ ಬಂತು ಅಂತಲೂ ಹೇಳಬೇಕು. ಯಾಕಂದ್ರೆ ನಮ್ಮ ಹಿರಿಯರು ದಡ್ಡರಲ್ಲ. ಮೈಸೂರು ಜಾವಾ, ಯೆಜ್ಡಿಯ ಊರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ಮಾಡಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಆ ಬೈಕುಗಳ ಮೇಲೇ ಕೈ ಪಳಗಿಸಿಕೊಂಡವರು. ಅವು ಟೂ ಸ್ಟ್ರೋಕ್. ಎಂಜಿನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನ ಜೊತೆಗೇ ಹೋಗಬೇಕು. ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರ್‌ನಲ್ಲೇ ಬಿಟ್ಟರೆ ಪೆಟ್ರೋಲ್ ಕಡಿಮೆ, ಆಯಿಲೂ ಕಡಿಮೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತದೆ. ಪಿಸ್ಟನ್ ಹಿಡಿದುಕೊಂಡುಬಿಡುತ್ತದೆ. ಅದಕ್ಕೇ ಮೇಸ್ತ್ರಿ ಹೇಳುತ್ತಿದ್ದರು, ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡು ಅಂತ. ಆ ಗಾಡಿಗೆ ಅದು ಸರಿಯಾದ ಮಾತು. ಇಂಜೆಕ್ಟರ್ ಬದಲು ಕಾರ್ಬ್ಯುರೇಟರ್ ಇದ್ದ, ಕಂಪ್ಯೂಟರ್ ಇಲ್ಲದ ಹಳೆ ಕಾರುಗಳೂ ಗೇರ್‌ನಲ್ಲಿ ಇಳಿಯುವಾಗ ಪೆಟ್ರೋಲ್ ಎಳೆಯುತ್ತಲೇ ಇದ್ದವು. ಅಪ್ಪ ಮಗನಿಗೆ ಹೇಳಿದ, ಡ್ರೈವರ್ ಕ್ಲೀನರ್‌ಗೆ ಹೇಳಿದ. ಗಾಡಿ ಬದಲಾಯಿತು. ಮಾತು ಹಾಗೇ ಉಳಿಯಿತು. ಈಗ 2020ರ ಏಪ್ರಿಲ್‌ನಿಂದ ಮಾರುತ್ತಿರುವ ಬಿಎಸ್ 6 (ಹೊಸ ಹೊಗೆ ನಿಯಮದ) ಬೈಕು, ಸ್ಕೂಟರ್‌ಗಳಲ್ಲೂ ಹೆಚ್ಚುಕಡಿಮೆ ಎಲ್ಲದರಲ್ಲೂ ಇಂಜೆಕ್ಷನ್ ಇದೆ.

ಇನ್ನು ಎಂಜಿನ್ ಆಫ್ ಮಾಡುವವರ ಮಾತು. ನೀವು ಬ್ರೇಕ್ ಒತ್ತುವಾಗ ಬರೀ ನಿಮ್ಮ ಕಾಲಿನ ಬಲದಿಂದ ಕಾರು ನಿಲ್ಲುವುದಿಲ್ಲ. ಎಂಜಿನ್ ಓಡುವಾಗ ಸಿಗುವ ವ್ಯಾಕ್ಯೂಮ್, ಅಂದ್ರೆ ಗಾಳಿಯ ಎಳೆತ, ಬ್ರೇಕ್ ಬೂಸ್ಟರ್‌ಗೆ ಹೋಗಿ ನಿಮ್ಮ ಕಾಲಿಗೆ ಜೊತೆ ಕೊಡುತ್ತದೆ. ಆಫ್ ಮಾಡಿದ ಮೇಲೆ ಎರಡು ಮೂರು ಸಲ ಒತ್ತುವಷ್ಟು ಉಳಿದಿರುತ್ತದೆ. ಅಷ್ಟೇ. ನಾಲ್ಕನೇ ತಿರುವಿನಲ್ಲಿ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಕೀ ಹಿಂದಕ್ಕೆ ಪೂರ್ತಿ ತಿರುಗಿಸಿ ತೆಗೆದರೆ ಸ್ಟೀರಿಂಗ್ ಲಾಕ್ ಕೂಡ ಆಗಬಹುದು. ಸ್ಕೂಟರ್ ಕೀ ಆಫ್ ಮಾಡಿ ರಾತ್ರಿ ಇಳಿಯುವವರನ್ನು ಕಣ್ಣಾರೆ ನೋಡಿದ್ದೇನೆ. ಹೆಡ್‌ಲೈಟೂ ಇಲ್ಲ, ಬ್ರೇಕ್ ಲೈಟೂ ಇಲ್ಲ. ಎದುರಿನಿಂದ ಬಸ್ಸು ಬರುತ್ತಿರುತ್ತದೆ.

ನಮ್ಮ ಊರು ಪಾಂಡವಪುರದ ಕಡೆ. ಚಿಕ್ಕವನಿದ್ದಾಗ ಕಬ್ಬಿನ ಗಾಡಿ ಏರಿ ದಾಟಿ ಇಳಿಯುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಏರುವಾಗ ಎತ್ತು ಎಳೆಯುತ್ತವೆ, ಅದು ಎಲ್ಲರಿಗೂ ಕಾಣುತ್ತದೆ. ಇಳಿಯುವಾಗ ಅವು ಕಾಲು ಊರಿ, ಕತ್ತು ಹಿಂದಕ್ಕೆ ಕೊಟ್ಟು, ಇಡೀ ಭಾರ ತಡೆದು ಹಿಡಿಯುತ್ತವೆ. ಗೇರ್‌ನಲ್ಲಿರುವ ಎಂಜಿನ್ ಇಳಿಜಾರಿನಲ್ಲಿ ಮಾಡುವುದು ಅದೇ ಕೆಲಸ. ನ್ಯೂಟ್ರಲ್ ಅಂದ್ರೆ ಏರಿಯ ತಲೆಯಲ್ಲಿ ಎತ್ತು ಬಿಚ್ಚಿ ಗಾಡಿ ತಳ್ಳಿದಂತೆ. ಆಮೇಲೆ ಉಳಿಯುವುದು ಬ್ರೇಕ್ ಒಂದೇ. ಅದು ಬಿಸಿಯಾಗುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ನೀರು ಹೀರಿಕೊಂಡಿರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕಡಿಮೆ ಅಂದರೂ 230 ಡಿಗ್ರಿ ತನಕ ಕುದಿಯುವುದಿಲ್ಲ. ನೀರು ಸೇರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಕುದ್ದರೆ ಪೈಪಿನಲ್ಲಿ ಗುಳ್ಳೆ. ಪೆಡಲ್ ಒತ್ತಿದರೆ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆ ಆಯಿಲ್ ಬದಲಾಯಿಸಿ ಅಂತ ನಾನು ಹೇಳುವುದು ಬಿಲ್ ಏರಿಸೋಕಲ್ಲ.

ಆಷಾಢ ಶುಕ್ರವಾರಗಳಲ್ಲಿ ಬೆಟ್ಟಕ್ಕೆ ನಮ್ಮ ನಿಮ್ಮ ಗಾಡಿ ಬಿಡುವುದಿಲ್ಲ, ಲಲಿತ ಮಹಲ್ ಹತ್ತಿರದ ಹೆಲಿಪ್ಯಾಡ್‌ನಿಂದ ಸಾರಿಗೆ ಬಸ್ಸು ಓಡಿಸುತ್ತಾರೆ. ಆ ದಿನ ಬೆಟ್ಟದಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಆದರೂ ನಮ್ಮ ಗ್ಯಾರೇಜಿಗೆ ಆ ವಾಸನೆ ಬರುವುದಿಲ್ಲ. ಬಸ್ಸಿನ ಡ್ರೈವರುಗಳು ಗೊರ್ ಅನ್ನಿಸುತ್ತಾ ಸಣ್ಣ ಗೇರ್‌ನಲ್ಲೇ ಇಳಿಸುತ್ತಾರೆ. ನಿವೃತ್ತಿ ಆದ ಒಬ್ಬ ಬಸ್ ಡ್ರೈವರ್ ಸಂಜೆ ಹೊತ್ತು ನಮ್ಮಲ್ಲಿಗೆ ಟೀ ಕುಡಿಯೋಕೆ ಬರುತ್ತಾರೆ. ಲೀಟರಿಗೆ ಎಷ್ಟು ಕಿಲೋಮೀಟರ್ ತಂದೆ ಅಂತ ಡಿಪೋದಲ್ಲಿ ಅವರ ಹೆಸರಿನ ಮುಂದೆ ಬರೆಯುತ್ತಿದ್ದರು. 'ನಾನು ಯಾವತ್ತೂ ಹಿಂದೆ ಬೀಳಲಿಲ್ಲ. ಬೆಟ್ಟದಲ್ಲಿ ಯಾವತ್ತೂ ನ್ಯೂಟ್ರಲ್‌ಗೂ ಹಾಕಲಿಲ್ಲ. ಹತ್ತಿದ ಗೇರ್‌ನಲ್ಲೇ ಇಳಿ ಅಂತ ನಮ್ಮ ಗುರು ಹೇಳಿದ್ರು' ಅನ್ನುತ್ತಾರೆ. ಈಗಿನ ಕಾರಿಗೂ ಆ ಮಾತು ಹೆಚ್ಚುಕಡಿಮೆ ಸರಿ. ಹತ್ತುವಾಗ ಎರಡನೇ ಗೇರ್ ಕೇಳಿದ ಜಾಗದಲ್ಲಿ ಇಳಿಯುವಾಗಲೂ ಎರಡನೇ ಗೇರ್.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಸಪಾಟಾದ ರಸ್ತೆಯಲ್ಲಿ, ಬ್ರೇಕೇ ಬೇಡದಷ್ಟು ಸಣ್ಣ ಇಳಿಜಾರಿದ್ದರೆ, ನ್ಯೂಟ್ರಲ್‌ನಲ್ಲಿ ಗಾಡಿ ಇನ್ನೂ ಸ್ವಲ್ಪ ದೂರ ಉರುಳಬಹುದು. ಕೆಲವು ತಾಂತ್ರಿಕ ಲೆಕ್ಕದಲ್ಲಿ ಅಲ್ಲಿ ನಾಲ್ಕು ಹನಿ ಉಳಿಯಲೂಬಹುದು. ಆದರೂ ನಾನು ಬೇಡ ಅನ್ನುತ್ತೇನೆ. ಅಡ್ಡ ಬಂದ ದನವನ್ನು ತಪ್ಪಿಸಬೇಕಾದಾಗ ಗೇರ್ ಹುಡುಕುತ್ತಾ ಕೂರಬಾರದು. ಆಟೋಮ್ಯಾಟಿಕ್ ಗಾಡಿಯನ್ನು ಅಂತೂ ಓಡುವಾಗ ಎನ್‌ಗೆ, ಅಂದ್ರೆ ನ್ಯೂಟ್ರಲ್‌ಗೆ, ತರಲೇಬೇಡಿ. ಎಲ್ (ಸಣ್ಣ ಗೇರ್) ಇದ್ದರೆ ಎಲ್, ಮ್ಯಾನ್ಯುಯಲ್ ಮೋಡ್ ಇದ್ದರೆ ಅದು. ಸ್ಕೂಟರಿನಲ್ಲಿ ಎಂಜಿನ್ ಹಿಡಿತ ಕಡಿಮೆ. ಎರಡೂ ಬ್ರೇಕ್ ಹಿಡಿದು, ಬಿಟ್ಟು, ಹಿಡಿದು ಇಳಿಯಿರಿ. ಹಿಡಿದೇ ಇರಬೇಡಿ.

ಊಟಿ, ಸತ್ಯಮಂಗಲದ ಕಡೆ ಹೋಗುವ ಮೈಸೂರಿನವರಿಗೆ ಇದನ್ನು ಇನ್ನೂ ಒತ್ತಿ ಹೇಳುತ್ತೇನೆ. ಮಸಿನಗುಡಿಯ ಮೇಲಿನ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವು. ಸತ್ಯಮಂಗಲ ದಾರಿಯ ದಿಂಬಂನಲ್ಲಿ 27. ನಮ್ಮ ಬೆಟ್ಟದಲ್ಲಿ ಹೇಗೋ ತಾಳಿಕೊಂಡ ಬ್ರೇಕು ಅಲ್ಲಿ ತಾಳಿಕೊಳ್ಳಲ್ಲ. ಸೀದ ವಾಸನೆ ಬಂದ ತಕ್ಷಣ ಅಗಲವಾದ ಜಾಗ ನೋಡಿ ನಿಲ್ಲಿಸಿ. ಗೇರ್‌ನಲ್ಲಿ ಬಿಡಿ, ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಕೂತುಕೊಳ್ಳಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗುತ್ತದೆ.

ಪೆಟ್ರೋಲ್ ಉಳಿಸಬೇಕಾ? ದೇವರಾಜ ಮಾರ್ಕೆಟ್ ಮುಂದೆ ಮನೆಯವರು ಹೂವು ತರುವ ತನಕ ಹತ್ತು ನಿಮಿಷ ಎಸಿ ಹಾಕಿಕೊಂಡು ಎಂಜಿನ್ ಓಡಿಸುತ್ತೀರಲ್ಲ, ಆಫ್ ಮಾಡಬೇಕಾದ್ದು ಅಲ್ಲಿ. ಟೈರ್ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ. ಬೆಂಗಳೂರು ಹೆದ್ದಾರಿಯಲ್ಲಿ ನೂರರ ಬದಲು ಎಂಬತ್ತರಲ್ಲಿ ಹೋಗಿ. ಗಾಳಿಯ ತಡೆ ವೇಗದ ವರ್ಗದ (ವೇಗವನ್ನು ವೇಗದಿಂದಲೇ ಗುಣಿಸಿದ) ಲೆಕ್ಕದಲ್ಲಿ ಏರುತ್ತದೆ, ಅಂದ್ರೆ ಎಂಬತ್ತಕ್ಕಿಂತ ನೂರರಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಒಂದೇ ಸಲ ಬೆಂಗಳೂರಿಗೆ ಹೋಗಿ ಬಂದರೂ ಇದರಲ್ಲಿ ಉಳಿಯುವುದು ಬೆಟ್ಟದ ಹದಿನೈದು ರೂಪಾಯಿಗಿಂತ ಎಷ್ಟೋ ಹೆಚ್ಚು.

ಆ ಟ್ಯಾಕ್ಸಿ ಹುಡುಗ ಹೋದ ವಾರ ಆಯಿಲ್ ಬದಲಾಯಿಸೋಕೆ ಬಂದಿದ್ದ. ಚಕ್ರ ಬಿಚ್ಚಿ ನೋಡಿದೆ. ಹನ್ನೊಂದು ತಿಂಗಳ ಹಿಂದೆ ಹಾಕಿದ ಪ್ಯಾಡು, ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಅವನ ಸ್ಟ್ಯಾಂಡಿನ ಸೀನಿಯರ್‌ಗಳು ಮಾತ್ರ ಇನ್ನೂ ಒಪ್ಪುತ್ತಿಲ್ಲವಂತೆ. 'ನೀವೇ ಒಂದ್ಸಲ ಬಂದು ತೋರಿಸಿ ಅಣ್ಣ' ಅಂದ. ಬುಧವಾರ ಬೆಳಿಗ್ಗೆ ಬಾಡಿಗೆ ಕಡಿಮೆ ಇರುತ್ತದೆ, ಏಳು ಗಂಟೆಗೆ ಬರುತ್ತೇನೆ ಅಂದಿದ್ದೇನೆ. ಸ್ಕ್ಯಾನರ್ ತರುತ್ತೇನೆ, ಗಾಡಿ ಅವರದೇ ಇರಲಿ.